ಹಿಂಬಾಗಿಲ ಕ್ಯಾಮೆರಾದ ಕಡುಗೆಂಪು

ಜನವರಿ 9

ತಮ್ಮಾ,

ಹೇಗಿದ್ದೀಯ ಎಂದು ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತೇನೆ, ಹೇಗಿದ್ದೀಯ? ಚಾದರ ಕೈಗೆ ಸೇರಿತಾ? ಈ ಕಾಗದ ವಕೀಲಮ್ಮನ ಫೈಲಿನೊಳಗೆ ಬರುತ್ತಿದೆ. ಜೈಲಿನ ಗೇಟಿನಲ್ಲಿ ಅವರ ಫೈಲನ್ನು ಯಾರೂ ಬಿಚ್ಚುವುದಿಲ್ಲವಂತೆ, ಅವರೂ ನಮ್ಮ ಕಾಗದ ಓದುವುದಿಲ್ಲವಂತೆ. ನಿನ್ನನ್ನು ನೋಡಲು ಬಂದಾಗ ಪಕ್ಕದಲ್ಲೇ ಪೊಲೀಸರು ನಿಂತಿರುತ್ತಾರೆ, ಏನೂ ಹೇಳಲಾಗುವುದಿಲ್ಲ. ಹಾಗಾಗಿ ಇಲ್ಲಿ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನೀನೂ ಹಾಗೇ ಬರೆ.

ಒಂದು ವಿಷಯ ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಬೇಕು. ಆ ವಿಡಿಯೊದ ಬಣ್ಣ ಸರಿಮಾಡಿದವಳು ನಾನು.

ಗೋಡೌನಿಗೆ ಬೆಂಕಿ ಬಿದ್ದ ಮೂರನೇ ದಿನ ಅಲ್ಲಿನ ಮ್ಯಾನೇಜರು ನಮ್ಮ ಸ್ಟುಡಿಯೊಗೆ ಬಂದ. "ಹಿಂಬಾಗಿಲ ಕ್ಯಾಮೆರಾದ್ದು ಇದು. ಎಲ್ಲಾ ಒಂಥರಾ ನೇರಳೆ ನೇರಳೆ ಕಾಣ್ತಿದೆ. ಪೊಲೀಸರಿಗೆ ಕೊಡಬೇಕು, ಬಣ್ಣ ಸರಿಮಾಡಿ ಕೊಡ್ತೀರಾ?" ಅಂದ. ಅಪ್ಪ ಕಾವಲಿರುವ ಗೋಡೌನು, ನೀನು ಎರಡು ವರ್ಷ ಪೆಟ್ಟಿಗೆ ಹೊತ್ತ ಗೋಡೌನು. ಪ್ಯಾಕಿಂಗ್ ಅಕ್ಕ ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು. ಯಾರು ಹಚ್ಚಿದರೋ ಅವರು ಸಿಕ್ಕಿಬೀಳಲಿ ಎಂದು ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಕೂತೆ. ಬಾಗಿಲ ಮೇಲೆ ಬರೆದ ಬಿಳಿ ನಂಬರನ್ನು ಬಿಳಿಗೆ ತಂದೆ. ಸಿಮೆಂಟ್ ಗೋಡೆಯನ್ನು ಬೂದು ಬಣ್ಣಕ್ಕೆ ತಂದೆ. ಪರದೆಯ ಮೇಲಿನ ಕೆಂಪು, ಹಸಿರು, ನೀಲಿ ಅಳತೆಗೆರೆಗಳು ಒಂದೇ ಸಾಲಿಗೆ ಬಂದು ಕೂತವು. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಸಂಜೆ ಐದೂ ಹತ್ತು. ಟೋಪಿ ಎಳೆದುಕೊಂಡ ಒಬ್ಬ ಮನುಷ್ಯ ನಮಗೆ ಬೆನ್ನು ಹಾಕಿ ರದ್ದಿ ರಟ್ಟಿನ ರಾಶಿಯ ಪಕ್ಕ ಸ್ವಲ್ಪ ಹೊತ್ತು ನಿಲ್ಲುತ್ತಾನೆ, ಏನನ್ನೋ ಎಸೆಯುತ್ತಾನೆ, ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾನೆ. ಅವನ ಕೋಟು ಕಡುಗೆಂಪು. "ಈ ಬಣ್ಣಗಳನ್ನು ನಂಬಬಹುದು" ಎಂದು ಬರೆದು ಸಹಿ ಮಾಡಿಕೊಟ್ಟೆ.

ಅದಾಗಿ ಎರಡು ದಿನಕ್ಕೆ ನಿನ್ನನ್ನು ಹಿಡಿದರು. ಕಡುಗೆಂಪು ಜರ್ಕಿನ್ ಇರುವವನು, ಬೆಂಕಿಯ ಹಿಂದಿನ ದಿನ ಜಗಳವಾಡಿ ಕೆಲಸ ಕಳೆದುಕೊಂಡವನು, ಎಲ್ಲರೆದುರು "ಈ ಗೋಡೌನಿಗೆ ಬೆಂಕಿ ಬೀಳಲಿ" ಅಂದವನು. ಜರ್ಕಿನ್ ಕೊಡಿಸಿದವಳು ನಾನು. ಸಹಿ ಹಾಕಿದವಳೂ ನಾನು. ಇನ್ನೇನು ಬಾಕಿ ಉಳಿಯಿತು ಹೇಳು.

ಅಪ್ಪ ನಿನ್ನನ್ನು ನೋಡಲು ಬರುತ್ತಾರೆ ಎಂದು ಸುಳ್ಳು ಬರೆಯಲಾರೆ. ಅವರು ನಿನ್ನ ಸುದ್ದಿಯೆತ್ತುವುದಿಲ್ಲ. ನಾನು ಎತ್ತಿದರೆ ತಟ್ಟೆ ಬಿಟ್ಟು ಏಳುತ್ತಾರೆ. ಪ್ಯಾಕಿಂಗ್ ಅಕ್ಕನನ್ನು ಹೊಗೆಯೊಳಗಿಂದ ಎಳೆದು ತಂದದ್ದಕ್ಕೆ ಮಾಲೀಕರು ಎಲ್ಲರ ಮುಂದೆ ಅವರ ಕೈಕುಲುಕಿದರಂತೆ. ಅದನ್ನೂ ಅವರು ಹೇಳಲಿಲ್ಲ, ಬೇರೆಯವರು ಹೇಳಿದರು.

ಬೈದಾದರೂ ಬರೆ.

ನಿನ್ನ ಅಕ್ಕ


ಜನವರಿ 17

ಅಕ್ಕಾ,

ಚಾದರ ಬಂತು. ಮೂವತ್ತು ಜನಕ್ಕೆ ಅಂತ ಕಟ್ಟಿದ ಕೋಣೇಲಿ ಐವತ್ತೆಂಟು ಜನ ಇದೀವಿ. ಮಲಗಿದ ಮೇಲೆ ಮಗ್ಗುಲು ಬದಲಾಯಿಸಬೇಕು ಅಂದ್ರೆ ಇಡೀ ಸಾಲೇ ಬದಲಾಯಿಸಬೇಕು. ಮೂಲೇಲಿರೋ ಒಬ್ಬ ಹಳಬ "ಎಡಕ್ಕೆ!" ಅಂತ ಕೂಗ್ತಾನೆ, ಎಲ್ಲರೂ ಎಡಕ್ಕೆ ತಿರುಗ್ತೀವಿ. ಶಾಲೇಲಿ ಕವಾಯತು ಬರದೆ ಒದೆ ತಿಂದವನು ನಾನು, ಈಗ ಮಲಗಿಕೊಂಡೇ ಕಲಿತೆ.

ನೀನು ಸಹಿ ಹಾಕಿದ್ದು ನನಗೆ ಮೊದಲೇ ಗೊತ್ತು. ಇನ್‌ಸ್ಪೆಕ್ಟರು ಹತ್ತು ಸಲ ಆ ವಿಡಿಯೊ ತೋರಿಸಿದ್ರು, ಪಕ್ಕದಲ್ಲೇ ನಿಮ್ಮ ಸ್ಟುಡಿಯೊ ಕಾಗದ ಇತ್ತು. ನಿನ್ನ ಕಾಗೆಕಾಲು ಗುಬ್ಬಿಕಾಲು ಸಹಿ ನನಗೆ ಗೊತ್ತಾಗಲ್ವಾ? ನೀನು ನಿನ್ನ ಕೆಲಸ ಮಾಡಿದೆ. ನನಗೆ ಸಿಟ್ಟಿಲ್ಲ, ಆಣೆಗೂ.

ಬೆಂಕಿ ಬೀಳಲಿ ಅಂದಿದ್ದೇ ಅಪರಾಧ ಅಂತೆ. ಹಾಗಾದ್ರೆ ಅಮ್ಮ ಬದುಕಿದ್ದಿದ್ರೆ ಜೀವಾವಧಿ ಶಿಕ್ಷೆ ಆಗಿರೋದು. ದಿನಕ್ಕೆ ಹತ್ತು ಸಲ ಅನ್ನೋಳು. ಒಲೆ ಹತ್ತದಿದ್ರೂ "ಈ ಒಲೆಗೆ ಬೆಂಕಿ ಬೀಳ" ಅಂತ ಬೈದವಳು ಅವಳೊಬ್ಬಳೇ ಇರಬೇಕು.

ಅಪ್ಪ ಬರದಿದ್ರೆ ಬೇಡ, ಬಲವಂತ ಮಾಡಬೇಡ. ನಾನೇನು ಅವರ ದಾರಿ ಕಾಯ್ತಾ ಕೂತಿಲ್ಲ. ಮಾತ್ರೆ ಮಾತ್ರ ತಪ್ಪಿಸಬೇಡ. ಮೆಟ್ಟಿಲು ಹತ್ತೋ ಮುಂಚೆ ಈಗಲೂ ಎದೆ ಮೇಲೆ ಕೈ ಇಟ್ಕೋತಾರಾ?

ಆ ವಿಡಿಯೊ ವಿಷಯ ಅಲ್ಲಿಗೇ ಬಿಡು. ಕೆದಕಬೇಡ.

ಇಂತಿ, ಎಡಕ್ಕೆ ತಿರುಗಿರುವ ನಿನ್ನ ತಮ್ಮ


ಫೆಬ್ರವರಿ 2

ತಮ್ಮಾ, ಏ ತಮ್ಮಾ!

ಕೂತು ಓದು. ನಿಂತಿದ್ದರೆ ಬಿದ್ದುಬಿಡುತ್ತೀಯ.

ನಿನ್ನೆ ಸ್ಟುಡಿಯೊದಲ್ಲಿ ಒಂದು ಸಂದರ್ಶನ. ಮೂರು ಕ್ಯಾಮೆರಾ, ಹಿಂದೆ ಕಪ್ಪು ಬಟ್ಟೆಯ ಪರದೆ. ಮೂರನ್ನೂ ಒಂದೇ ಬಣ್ಣಕ್ಕೆ ತರುವುದು ನನ್ನ ಹೊಟ್ಟೆಪಾಡು, ನಿನಗೆ ಗೊತ್ತಲ್ಲ. ಕ್ಯಾಮೆರಾಗಳೂ ಒಡಹುಟ್ಟಿದವರ ಹಾಗೇ, ಹೇಳಿದ ಒಂದೇ ಮಾತನ್ನು ಒಂದೊಂದೂ ಒಂದೊಂದು ಥರ ಕೇಳಿಸಿಕೊಳ್ಳುತ್ತದೆ. ಬೂದು ಹಲಗೆ ಹಿಡಿಸಿದೆ, ಮೂರರಲ್ಲೂ ಬೂದು. ಬಣ್ಣದ ಚೌಕಗಳ ಪಟ್ಟಿ ಹಿಡಿಸಿದೆ, ಮೂರರಲ್ಲೂ ಸರಿ. ತಲೆಯೆತ್ತಿ ನೋಡಿದರೆ ಮೂರನೇ ಕ್ಯಾಮೆರಾದಲ್ಲಿ ಹಿಂದಿನ ಪರದೆ ಕಡುಗೆಂಪು! ಎದ್ದು ಹೋಗಿ ಮುಟ್ಟಿ ನೋಡಿದೆ. ಕಪ್ಪು ಪಾಲಿಯೆಸ್ಟರ್. ಬಂದು ಮಾನಿಟರಿನಲ್ಲಿ ನೋಡಿದರೆ ಕಡುಗೆಂಪು. ನಮ್ಮ ಕ್ಯಾಮೆರಾಮನ್ ಅಣ್ಣ ನಗುತ್ತಾ, "ಅದರೊಳಗಿನ ಗಾಜು ಒಡೆದುಹೋಗಿದೆ ಮಾರಾಯ್ತಿ, ರಿಪೇರಿಗೆ ಕಳಿಸಬೇಕು" ಅಂದರು. ಕೂತಲ್ಲೇ ಗೋಡೌನಿನ ವಿಡಿಯೊ ಮತ್ತೆ ತೆರೆದೆ.

ಕೇಳು. ಬೆಳಕಿನಲ್ಲಿ ಕೆಂಪಿನಾಚೆ ಇನ್ನೊಂದಿದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಕಾಣದಿರಲಿ ಎಂದೇ ಒಳಗೊಂದು ತೆಳು ಗಾಜು ಇಟ್ಟಿರುತ್ತಾರೆ. ನೈಲಾನು, ಪಾಲಿಯೆಸ್ಟರಿನ ಕಪ್ಪು ಎಲ್ಲ ಬೆಳಕನ್ನೂ ನುಂಗುತ್ತದೆ, ಆ ಕಾಣದ ಬೆಳಕನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಗಾಜಿಲ್ಲದ ಕ್ಯಾಮೆರಾ ಅದನ್ನು ಕೆಂಪು ಅಂದುಕೊಳ್ಳುತ್ತದೆ. ಕಾವಲು ಕ್ಯಾಮೆರಾಗಳಲ್ಲಿ ಈ ಗಾಜು ಹಗಲಲ್ಲಿ ಮುಂದೆ ಬರಬೇಕು, ಕತ್ತಲಾದ ಮೇಲಷ್ಟೇ ಪಕ್ಕಕ್ಕೆ ಸರಿಯಬೇಕು. ಗೋಡೌನಿನ ಕ್ಯಾಮೆರಾದಲ್ಲಿ ಅದು ಪಕ್ಕಕ್ಕೆ ಸರಿದಲ್ಲೇ ಸಿಕ್ಕಿಹಾಕಿಕೊಂಡಿದೆ. ಅದಕ್ಕೇ ಮೊದಲು ಎಲ್ಲ ನೇರಳೆಯಾಗಿತ್ತು. ನಾನು ಬಿಳಿಯನ್ನು ಬಿಳಿ ಮಾಡಿ, ಬೂದನ್ನು ಬೂದು ಮಾಡಿ, ಉಳಿದದ್ದೆಲ್ಲ ತಾನಾಗಿ ಸರಿಹೋಯಿತು ಅಂದುಕೊಂಡೆ. ಮೆಟ್ಟಿಲ ಪಕ್ಕ ಕುಂಡದಲ್ಲೊಂದು ಗಿಡವಿದೆ ನೋಡು, ಅದರ ಎಲೆ ಬೂದಿ ಬಳಿದಂತೆ ಬೆಳ್ಳಗಿತ್ತು. ಧೂಳು ಅಂದುಕೊಂಡೆ! ಹನ್ನೊಂದು ವರ್ಷದ ಅನುಭವಕ್ಕಿಷ್ಟು ಮಣ್ಣು ಹಾಕ! ಎಲೆ ಹಸಿರಾಗಿಲ್ಲ ಅಂದಮೇಲೆ ಕೋಟು ಕೆಂಪೆಂದು ಹೇಗೆ ನಂಬಿದೆ?

ನಿನ್ನ ಜರ್ಕಿನ್ನಿನಂಥದೇ ಬಟ್ಟೆ ತಂದು ಆ ಒಡಕು ಕ್ಯಾಮೆರಾದಲ್ಲಿ ಹಿಡಿದೆ. ಪೇಲವ ಗುಲಾಬಿಯಾಗಿ ಕಂಡಿತು, ಕಡುಗೆಂಪಾಗಿ ಅಲ್ಲವೇ ಅಲ್ಲ. ಅಲ್ಲಿಗೆ ಆ ಮನುಷ್ಯ ನೀನಲ್ಲ. ಅವನು ಹಾಕಿದ್ದು ಕಪ್ಪು ಕೋಟು. ವಕೀಲಮ್ಮನಿಗೆ ಹೇಳಿದೆ; "ಬಾಯಿಮಾತು ಸಾಲದು, ಆ ಕ್ಯಾಮೆರಾದಲ್ಲೇ ನೋಡಿ ಬರೆದುಕೊಡಿ" ಅಂದರು. ಹೋಗುತ್ತೇನೆ. ಗೋಡೌನಿನಲ್ಲಿ ಕಪ್ಪು ನೈಲಾನ್ ಕೋಟು ಹಾಕುವವರು ಯಾರ್ಯಾರು, ಯೋಚಿಸಿ ಬರೆ.

ಇವತ್ತು ಹೊಟ್ಟೆ ತುಂಬ ಉಂಡೆ. ಎಷ್ಟೋ ದಿನವಾಗಿತ್ತು.

ನಿನ್ನ ಅಕ್ಕ


ಫೆಬ್ರವರಿ 6

ಅಕ್ಕಾ,

ನಿಲ್ಲಿಸು. ಗೋಡೌನಿಗೆ ಹೋಗಬೇಡ. ವಕೀಲಮ್ಮನಿಗೆ ಏನೂ ಬರೆದುಕೊಡಬೇಡ. ಕೈಮುಗಿದು ಕೇಳ್ಕೋತೀನಿ.

ತಮ್ಮ


ಫೆಬ್ರವರಿ 20

ತಮ್ಮಾ,

ನಿನ್ನ ಕಾಗದ ಬರುವ ಹೊತ್ತಿಗೆ ನಾನು ಹೋಗಿ ಬಂದಾಗಿತ್ತು.

ಸಂಜೆ ಐದೂವರೆ. ಮೊದಲ ಸಲ ಕೆಲಸ ಮಾಡಿಕೊಟ್ಟವಳು ಎಂದು ಮ್ಯಾನೇಜರು ಏನೂ ಕೇಳದೆ ಆಫೀಸು ಕೋಣೆಯಲ್ಲಿ ಕೂರಿಸಿದ. "ನೋಡ್ತಿರಿ ಮೇಡಂ, ಟೀ ಹೇಳಿ ಬರ್ತೀನಿ" ಎಂದು ಹೊರಟ. ಸುಟ್ಟ ಭಾಗಕ್ಕೆ ತಗಡು ಹೊಡೆದಿದ್ದಾರೆ, ಆ ವಾಸನೆ ಇನ್ನೂ ಹೋಗಿಲ್ಲ. ಮೇಜಿನ ಮೇಲೆ ಕ್ಯಾಮೆರಾದ ಪರದೆ, ಪರದೆಯ ಪಕ್ಕದಲ್ಲೇ ಕಿಟಕಿ. ಎರಡರಲ್ಲೂ ಅದೇ ಹಿಂಬಾಗಿಲು, ಅದೇ ಮೆಟ್ಟಿಲು. ಕಿಟಕಿಯಲ್ಲಿ ಗಿಡ ಹಸಿರು. ಪರದೆಯಲ್ಲಿ ಬಿಳಿಚು. ನಾನು ಹೇಳಿದ್ದೇ ಸರಿ ಎಂದು ಒಳಗೊಳಗೇ ಹಿಗ್ಗುತ್ತಾ ಬರೆದುಕೊಳ್ಳುತ್ತಿದ್ದೆ.

ಆಗ ಅಪ್ಪ ಸುತ್ತು ಬಂದರು.

ಪರದೆಯಲ್ಲಿ ಕಡುಗೆಂಪು ಕೋಟಿನ ಮನುಷ್ಯ ಬಂದ. ಅದೇ ಟೋಪಿ, ಅದೇ ಬೆನ್ನು. ಮೆಟ್ಟಿಲ ಹತ್ತಿರ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡು ಒಮ್ಮೆ ಉಸಿರೆಳೆದು, ನಿಧಾನವಾಗಿ ಹತ್ತಿದ. ಕತ್ತು ತಿರುಗಿಸಿ ಕಿಟಕಿಯಲ್ಲಿ ನೋಡಿದೆ. ಕಪ್ಪು ಕೋಟು ಹಾಕಿಕೊಂಡು ಅಪ್ಪ ಮೆಟ್ಟಿಲು ಹತ್ತುತ್ತಿದ್ದರು. ಕಾವಲಿನವರಿಗೆ ಕೊಡುವ ಆ ನೈಲಾನ್ ಕೋಟು. ಮನೆಯಲ್ಲಿ ನಮ್ಮ ಬಾಗಿಲ ಹಿಂದಿನ ಮೊಳೆಗೆ ನೇತುಹಾಕುವ ಕೋಟು. ಅದನ್ನು ಎಷ್ಟು ಸಲ ಒಗೆದಿದ್ದೇನೆ ನಾನು.

ಮ್ಯಾನೇಜರು ಟೀ ಹಿಡಿದು ಬಂದು "ಏನಾದ್ರೂ ಸಿಕ್ತಾ ಮೇಡಂ?" ಅಂದ. ಇಲ್ಲ ಅಂದೆ.

ವಕೀಲಮ್ಮನಿಗೂ ಇನ್ನೂ ಏನೂ ಕೊಟ್ಟಿಲ್ಲ. ದಿನಾ ಫೋನ್ ಮಾಡುತ್ತಾರೆ, ಕ್ಯಾಮೆರಾ ನೋಡಲು ಬಿಡಲಿಲ್ಲ ಅನ್ನುತ್ತೇನೆ. ಮನೆಗೆ ಬಂದರೆ ಆ ಕೋಟು, ಸ್ಟುಡಿಯೊಗೆ ಹೋದರೆ ಆ ಕ್ಯಾಮೆರಾ.

ಮೊನ್ನೆ ಊಟಕ್ಕೆ ಕೂತಾಗ, "ಅಪ್ಪಾ, ಆ ವಿಡಿಯೊದಲ್ಲಿರೋದು ಅವನೇ ಅಂತ ನಿಮಗೆ ಅನ್ಸುತ್ತಾ?" ಎಂದು ಕೇಳಿದೆ. "ಕೆಂಪು ಕೋಟು ಯಾರ ಹತ್ರ ಇದೆ? ಕ್ಯಾಮೆರಾ ಸುಳ್ಳು ಹೇಳುತ್ತಾ? ನೀನೇ ತಾನೆ ಸಹಿ ಹಾಕಿದ್ದು?" ಅಂದರು. ನನ್ನ ಕಡೆ ನೋಡಲಿಲ್ಲ.

ನೀನು ಮೊದಲ ದಿನದಿಂದಲೂ ಬಲ್ಲೆ, ಅಲ್ಲವಾ? ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾರಾ ಎಂದು ಕೇಳಿದ್ದು ಅದಕ್ಕೇ ತಾನೆ?

ಅಕ್ಕ


ಫೆಬ್ರವರಿ 27

ಅಕ್ಕಾ,

ಹೌದು. ಇನ್‌ಸ್ಪೆಕ್ಟರು ಎರಡನೇ ಸಲ ತೋರಿಸಿದಾಗಲೇ ಗೊತ್ತಾಯ್ತು. ಹೆತ್ತ ಅಪ್ಪನ ಬೆನ್ನು ಗೊತ್ತಾಗದೆ ಇರುತ್ತಾ? ಕೋಟು ಮಾತ್ರ ಯಾಕೆ ಕೆಂಪು ಅಂತ ತಲೆ ಕೆಟ್ಟುಹೋಗಿತ್ತು. ನಿನ್ನ ಕಾಗದ ಬಂದಮೇಲೆ ಅದೂ ಬಗೆಹರೀತು.

ಹಾರ್ಟ್ ಆಪರೇಷನ್ ಆದಮೇಲೆ ಸಿಗರೇಟು ಬಿಟ್ಟೆ ಅಂತ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದ್ರಲ್ಲ, ಬಿಟ್ಟಿರಲಿಲ್ಲ. ರಟ್ಟಿನ ರಾಶಿ ಹಿಂದೆ ನಿಂತು ದಿನಕ್ಕೊಂದು ಸೇದೋರು. ನಾನು ಎರಡು ಸಲ ಹಿಡಿದಿದ್ದೆ. "ನಿಮ್ಮಕ್ಕಂಗೆ ಹೇಳಬೇಡ" ಅಂತ ಚಿಕ್ಕ ಹುಡುಗನ ಥರ ಕೇಳ್ಕೊಂಡಿದ್ರು. ಆವತ್ತೂ ಸೇದಿ ಎಸೆದಿದಾರೆ, ಅಷ್ಟೇ. ತಾನೇ ಅಂತ ಅವರಿಗೆ ಗೊತ್ತಿಲ್ಲ ಅಕ್ಕಾ. ಆರಿತು ಅಂದ್ಕೊಂಡಿದಾರೆ. ಮಗನೇ ಹಚ್ಚಿದ ಅಂತ ನಂಬಿದಾರೆ, ಅದಕ್ಕೇ ನನ್ನ ಮುಖ ನೋಡಲ್ಲ. ಇರಲಿ ಬಿಡು. ನಿಜ ಗೊತ್ತಾದ್ರೆ ಆ ಹೊಲಿದ ಎದೆ ತಡೆಯಲ್ಲ.

ಇಲ್ಲಿಗೆ ಬಂದ್ರಂತೂ ಒಂದು ವಾರ ಉಳಿಯಲ್ಲ. ನಲ್ಲಿ ಒಂದು, ಪಾಯಖಾನೆ ಎರಡು. ಹೋದ ವಾರ ಒಬ್ಬ ಮುದುಕ ಉಸಿರಾಡೋಕೆ ಆಗ್ತಿಲ್ಲ ಅಂತ ಬಾಗಿಲು ಬಡಿದು ಬಡಿದು ಸಾಕಾಗಿ ಕೂತ. ಕೀಲಿ ತರೋ ಹೊತ್ತಿಗೆ ಕೂತಲ್ಲೇ ಹೋಗಿದ್ದ. ನನಗೆ ಇಪ್ಪತ್ತೇಳು, ತಡ್ಕೋತೀನಿ. ಅವರಿಗೆ ಅರವತ್ತೆರಡು.

ಮಾರ್ಚ್ ಹದಿನೈದಕ್ಕೆ ವಿಚಾರಣೆ ಇದೆ. ಆವತ್ತೇ ಒಪ್ಕೊಂಡುಬಿಡ್ತೀನಿ. ಒಪ್ಕೊಂಡ್ರೆ ಶಿಕ್ಷೆ ಸ್ವಲ್ಪ ಕಡಿಮೆ ಮಾಡ್ತಾರಂತೆ. ನಿನ್ನನ್ನ ಕರೆದು ಕೇಳಿದ್ರೆ "ಬಣ್ಣ ಸರಿ ಇದೆ" ಅಂತ ಒಂದೇ ಒಂದು ಮಾತು ಹೇಳು. ಮೊದಲೇ ಬರೆದುಕೊಟ್ಟಿದ್ದೀಯ, ಹೊಸದಾಗಿ ಸುಳ್ಳು ಹೇಳಬೇಕಾಗಿಲ್ಲ.

ನೀನು ಬೇರೆ ಏನಾದ್ರೂ ಹೇಳಿದ್ರೆ ಈ ಜನ್ಮದಲ್ಲಿ ನಿನ್ನ ಹತ್ರ ಮಾತಾಡಲ್ಲ.

ತಮ್ಮ


ಮಾರ್ಚ್ 13

ತಮ್ಮಾ,

ನಿನ್ನ ಕಾಗದ ಬಂದಾಗಿನಿಂದ ಹತ್ತು ಸಲ ಬರೆಯಲು ಕೂತು ಹತ್ತು ಸಲ ಹರಿದುಹಾಕಿದೆ.

"ಬಣ್ಣ ಸರಿ ಇದೆ" ಎಂದು ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಸಲೀಸಾಗಿ ಬಂತು. ಅದೇ ನನಗೆ ಹೆದರಿಕೆಯಾದದ್ದು.

ನಿನ್ನೆ ಪ್ಯಾಕಿಂಗ್ ಅಕ್ಕನ ಮನೆಗೆ ಹೋಗಿದ್ದೆ. ಎರಡೂ ಕೈಯ ಬೆರಳು ಒಂದಕ್ಕೊಂದು ಅಂಟಿಕೊಂಡಂತೆ ಗಟ್ಟಿಯಾಗಿವೆ. ಅವಳ ಮಗಳು ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ನನ್ನನ್ನು ನೋಡಿ ಒಂದೂ ಕೆಟ್ಟ ಮಾತಾಡಲಿಲ್ಲ. "ನಿನ್ನ ತಮ್ಮನೇ ಅಂತ ನಂಗೆ ನಂಬಿಕೆ ಇಲ್ಲ ಕಣಮ್ಮ. ಹಿಂಬಾಗಿಲಿಗೆ ಬೀಗ ಹಾಕಬೇಡಿ, ಒಳಗೆ ಹೆಂಗಸರಿದಾರೆ ಅಂತ ನಮ್ಮ ಪರವಾಗೇ ಜಗಳ ಆಡಿ ಅಲ್ವಾ ಅವನು ಕೆಲಸ ಕಳ್ಕೊಂಡಿದ್ದು? ಯಾರೇ ಆಗಿರಲಿ, ಬೇಕು ಅಂತ ಮಾಡಿದ್ರಾ ಕೈತಪ್ಪಿ ಆಯ್ತಾ ಅನ್ನೋದು ಗೊತ್ತಾದ್ರೆ ಸಾಕು. ಬೇಕು ಅಂತ ನನ್ನನ್ನ ಸುಟ್ರು ಅನ್ನೋದನ್ನ ನೆನೆಸ್ಕೊಂಡ್ರೇ ಕಣ್ಣು ಮುಚ್ಚೋಕೆ ಆಗಲ್ಲ" ಅಂದಳು. ನೀನು ಒಪ್ಪಿಕೊಂಡರೆ ಅವಳು ಸಾಯುವವರೆಗೂ ಅದನ್ನೇ ನಂಬಬೇಕಲ್ಲೋ.

ಮನೆಗೆ ಬಂದವಳೇ ಅಪ್ಪನನ್ನು ಕೇಳಿದೆ, "ಸಿಗರೇಟು ನಿಜವಾಗ್ಲೂ ಬಿಟ್ಟಿದ್ದೀರಾ?" ಅಂತ. "ಡಾಕ್ಟರು ಹೇಳಿದ ದಿನದಿಂದ ಮುಟ್ಟಿಲ್ಲ" ಎಂದು ಗೋಡೆ ಕಡೆ ತಿರುಗಿ ಹೇಳಿದರು. ಆಮೇಲೆ ತಾವಾಗಿಯೇ, "ಹದಿನೈದಕ್ಕೆ ನಾನೂ ಬರ್ತೀನಿ" ಅಂದರು. ಬೇಡ ಅಂದೆ. ಕೇಳಲಿಲ್ಲ.

ನಾನು ಸರಿಯಿದೆ ಅಂದರೆ ನೀನು ಒಳಗೆ. ತಪ್ಪು ಅಂದರೆ ಅವರು ಒಳಗೆ. ಯಾವ ಮಾತು ಹೇಳಿ ಬಂದರೂ ನಾನು ಮನೆಯೆಂಬ ಈ ಎರಡು ಕೋಣೆಗೇ ಬರಬೇಕು. ಯಾರನ್ನು ಒಳಗೆ ಹಾಕಿ ಬಂದೆ ಎನ್ನುವುದಷ್ಟೇ ವ್ಯತ್ಯಾಸ. ನಿನಗಿಂತ ಆರು ವರ್ಷ ದೊಡ್ಡವಳು, ನಿನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು ನಾನು. ನನಗೆ ಹೀಗೊಂದು ಕೆಲಸ ಹೇಳಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ನನ್ನ ಮೇಲೆ ಕೋಪ ಮಾಡಿಕೊಳ್ಳುವುದಾದರೆ ಮಾಡಿಕೋ. ಮಾತು ಬಿಡಬೇಡ.

ನಿನ್ನ ಅಕ್ಕ


ಏಪ್ರಿಲ್ 21

ಮಗಳೇ,

ನಾನು ಕಾಗದ ಬರೆದು ಎಷ್ಟೋ ವರ್ಷಗಳಾದವು. ಅಕ್ಷರ ಸೊಟ್ಟಗಿದ್ದರೆ ತಿದ್ದಿ ಓದಿಕೋ. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದಾರೆ. ನೀನು ಹೆದರಿದಷ್ಟೇನೂ ಆಗಿಲ್ಲ.

ನಿನ್ನ ತಮ್ಮ ಬಿಡುಗಡೆಯಾಗಿ ಬಂದು ಮೂರು ವಾರವಾದರೂ ನಿನ್ನ ಹತ್ತಿರ ಮಾತಾಡುತ್ತಿಲ್ಲ, ನೀನು ಬಡಿಸಿದರೆ ಉಣ್ಣುವುದಿಲ್ಲ, ನೀನು ಒಳಗೆ ಬಂದರೆ ಎದ್ದು ಹೊರಗೆ ಹೋಗುತ್ತಾನೆ ಎಂದು ಬರೆದಿದ್ದೀಯ. ಏನೂ ಅರಿಯದ ಅಪ್ಪನನ್ನು ನೀನು ಹಿಡಿದುಕೊಟ್ಟೆ ಎಂಬುದು ಅವನ ಸಿಟ್ಟು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳು. ಎದ್ದು ಹೋದರೆ ಹಿಂದೆಯೇ ಹೋಗಿ ಓದು.

ವಿಚಾರಣೆಯ ದಿನ, ಅವನು ಒಪ್ಪಿಕೊಳ್ಳುವ ಮೊದಲೇ ಕಟಕಟೆ ಹತ್ತಿದ ನೀನು "ನಾನು ಸಹಿ ಹಾಕಿದ ಬಣ್ಣ ತಪ್ಪು. ಆ ಕೋಟು ಕೆಂಪಲ್ಲ, ಕಪ್ಪು" ಅಂದೆ. ಅವನು ತಲೆ ತಗ್ಗಿಸಿದ. ಯಾರ ಕೋಟು ಎಂದು ನ್ಯಾಯಾಧೀಶರು ಕೇಳಿದರು. ಎರಡನೇ ಸಲ ಕೇಳಿದರು. ನೀನು ಕಟಕಟೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಆದರೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಗ ನಾನು ಎದ್ದು ನಿಂತೆ. ನೀನು ಹೇಳಿದ್ದು ಕೇಳಿ ನನಗೆ ಆಗಷ್ಟೇ ವಿಷಯ ಹೊಳೆಯಿತು ಎಂದು ನೀವಿಬ್ಬರೂ ತಿಳಿದುಕೊಂಡಿದ್ದೀರಿ. ಹಾಗಲ್ಲ. ನನಗೆ ಗೊತ್ತಿತ್ತು.

ಹೊಗೆ ಕಂಡ ಕ್ಷಣವೇ ಗೊತ್ತಾಯಿತು. ಅದಕ್ಕೇ ಆ ಹೆಂಗಸನ್ನು ಎಳೆದು ತರಲು ಒಳಗೆ ನುಗ್ಗಿದೆ. ಅದು ಧೈರ್ಯವಲ್ಲ. ನಾಳೆ ಹೋಗಿ ಹೇಳಿಬಿಡುತ್ತೇನೆ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ವಿಡಿಯೊದಲ್ಲಿ ಕೆಂಪು ಕೋಟು ಕಂಡಿದೆ ಎಂಬ ಸುದ್ದಿ ಬಂತು. ನನ್ನದು ಕಪ್ಪು. ಹಾಗಾದರೆ ನಾನಲ್ಲ ಎಂದುಕೊಂಡೆ. ಕ್ಯಾಮೆರಾ ಹೇಳುತ್ತಿದೆ, ನನ್ನ ಮಗಳೇ ಸಹಿ ಹಾಕಿದ್ದಾಳೆ, ನಾನಲ್ಲ. ಆ ಕೆಂಪನ್ನು ನಂಬಿದೆ ಎನ್ನುವುದಕ್ಕಿಂತ ಆ ಕೆಂಪು ನನಗೆ ಬೇಕಾಗಿತ್ತು ಎನ್ನಬೇಕು. ಅವನನ್ನು ಹಿಡಿದುಕೊಂಡು ಹೋದಮೇಲೂ ಬಿಡಲಿಲ್ಲ. ಅವನ ಮುಖ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ ಎಂದೇ ನೋಡಲು ಹೋಗಲಿಲ್ಲ. ನೀವಿಬ್ಬರೂ ನನ್ನನ್ನು ಉಳಿಸಲು ಒದ್ದಾಡುತ್ತಿದ್ದಿರಿ. ನಾನೂ ನನ್ನನ್ನೇ ಉಳಿಸಿಕೊಳ್ಳುತ್ತಿದ್ದೆ.

ನ್ಯಾಯಾಲಯದಲ್ಲಿ ಕೈತಪ್ಪಿ ಆದದ್ದು ಎಂದು ಹೇಳಿದ್ದೇನೆ. ಅದು ನಿಜ. ಪ್ಯಾಕಿಂಗ್ ಅಕ್ಕನಿಗೆ ನೀನೇ ಹೋಗಿ ಹೇಳು. ಗೊತ್ತಿದ್ದೂ ಮಗನನ್ನು ಒಳಗೆ ಬಿಟ್ಟದ್ದು ಮಾತ್ರ ಕೈತಪ್ಪಲ್ಲ. ಅದಕ್ಕೆ ಯಾವ ನ್ಯಾಯಾಲಯವೂ ನನ್ನನ್ನು ಕೇಳಲಿಲ್ಲ.

ನಿನ್ನ ತಮ್ಮ ಇದ್ದ ಕೋಣೆಯಲ್ಲೇ ನನ್ನನ್ನೂ ಹಾಕಿದ್ದಾರೆ. ನಾನು ಯಾರ ಅಪ್ಪ ಎಂದು ತಿಳಿದಾಗ ಇಲ್ಲಿಯ ಹಳಬನೊಬ್ಬ ತನ್ನ ಪಕ್ಕ ಜಾಗ ಮಾಡಿಕೊಟ್ಟ. ಆಮೇಲೆ ಹೇಳಿದ: "ನೋಡೋಕೆ ಬರೋ ದಿನ ಬಂತು ಅಂದ್ರೆ ನಿಮ್ಮ ಹುಡುಗ ಬೆಳಿಗ್ಗೆನೇ ತಲೆಗೆ ನೀರು ಹಾಕ್ಕೊಂಡು ಬಾಚ್ಕೊಂಡು ಬಾಗಿಲ ಹತ್ರ ಕೂತುಬಿಡೋನು. ಅಕ್ಕ ಬಂದು ಹೋದಮೇಲೂ ಏಳ್ತಿರಲಿಲ್ಲ. ಇನ್ನೊಬ್ಬರು ಬರಬೇಕು ಅನ್ನೋನು. ಬಾಗಿಲು ಹಾಕೋವರೆಗೂ ಕೂತಿರೋನು."

ಅಪ್ಪ